ಪದವು ಮನೆಮಾತಾಗುವ ಬಗೆ

ಇಂಗ್ಲಿಷಿನಿಂದ ಬರುವ ಹೊಸ ಪದಗಳಿಗೆ ತಮ್ಮ ನುಡಿಯಲ್ಲಿಯೇ ಹೆಸರಿಡಬೇಕೆಂಬ ಹಂಬಲ ಫ್ರೆಂಚ್ ಭಾಷಿಕರಲ್ಲಿ ಬಲವಾಗಿದೆ. 1955ರಲ್ಲಿ ಐಬಿಎಂ ಸಂಸ್ಥೆಯ ಫ್ರಾನ್ಸ್ ಶಾಖೆಯು ತನ್ನ ಗಣಕಯಂತ್ರಕ್ಕೆ ತಕ್ಕ ಹೆಸರನ್ನು ಸೂಚಿಸಲು ಲ್ಯಾಟಿನ್ ವಿದ್ವಾಂಸರಾದ ಝಾಕ್ ಪೆರೆ ಅವರನ್ನು ಕೋರಿತು. 'ಕಂಪ್ಯೂಟರ್' ಎಂಬುದರ ಮೂಲಾರ್ಥ ಎಣಿಸುವುದು. ಪೆರೆಯವರಾದರೋ 'ಒರ್ದಿನಾತರ್' ಎಂಬ ಪದವನ್ನು ಆರಿಸಿದರು. ಅದು ಜಗತ್ತಿಗೆ ಕ್ರಮವನ್ನು ಕೊಡುವ ದೇವರಿಗೆ ಹಿಂದೆ ಸಲ್ಲುತ್ತಿದ್ದ ವಿಶೇಷಣ! ಯಂತ್ರಕ್ಕೆ ದೊರೆತ ಆ ಹೆಸರು ಇಂದು ಫ್ರಾನ್ಸಿನ ಮನೆಮನೆಯ ಮಾತಾಗಿದೆ.

ಎಲ್ಲ ಪದಗಳಿಗೂ ಈ ಭಾಗ್ಯವಿಲ್ಲ. ಇ-ಮೇಲ್‌ಗೆ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 'ಕುರಿಯೆಲ್' ಎಂಬ ಪದ ಬಳಕೆಗೆ ಬಂದು, ಅಲ್ಲಿ ನೆಲೆಯೂರಿತು. 2003ರಲ್ಲಿ ಫ್ರಾನ್ಸ್ ಸರ್ಕಾರವೂ ಅದನ್ನು ಅಧಿಕೃತಗೊಳಿಸಿತು. ಆದರೂ ಅಲ್ಲಿನ ಜನರ ಬಾಯಲ್ಲಿ ಇಂದಿಗೂ 'ಮೇಲ್' ಎಂಬುದೇ ಹೆಚ್ಚು. 1994ರಲ್ಲಿ ಫ್ರೆಂಚ್ ಬಳಕೆಗಾಗಿ ಕಾಯಿದೆಯನ್ನೇ ಮಾಡಿದ ದೇಶದ ಸ್ಥಿತಿಯಿದು.

ಪದವನ್ನು ಪಂಡಿತರು ರೂಪಿಸಬಹುದು, ಸರ್ಕಾರ ಸಾರಬಹುದು. ಅದಕ್ಕೆ ಜೀವ ತುಂಬುವುದು ಮಾತ್ರ ಜನರ ನಾಲಗೆ. ಅನುಭಾವವನ್ನು ಆಡುನುಡಿಯಲ್ಲಿಯೇ ಅರುಹಿದ ಶರಣರ ಪರಂಪರೆಯವರಾದ ನಮಗೆ ಇದು ಹೊಸ ಸಂಗತಿಯಲ್ಲ. ಮಕ್ಕಳೊಡನೆ ನಾವು ದಿನವೂ ಆಡುವ ಕನ್ನಡವೇ ನಾಳೆ ಉಳಿಯುವ ಕನ್ನಡ.