ಪರದೆಯ ಮುಂದೆ ಬಳಲುವ ವೈದ್ಯರು

ರೋಗಿಯು ತನ್ನ ನೋವನ್ನು ಹೇಳಿಕೊಳ್ಳುತ್ತಿರುತ್ತಾನೆ. ವೈದ್ಯರ ದೃಷ್ಟಿ ಮಾತ್ರ ಕಂಪ್ಯೂಟರಿನ ಪರದೆಯ ಮೇಲಿರುತ್ತದೆ. ಇದನ್ನು ಕಂಡು ಅವರಲ್ಲಿ ಕಾಳಜಿಯಿಲ್ಲವೆಂದು ನಾವು ನೊಂದುಕೊಳ್ಳುತ್ತೇವೆ. ಆದರೆ ಆ ಪರದೆಯು ವೈದ್ಯರನ್ನೂ ಬಳಲಿಸುತ್ತಿದೆ ಎಂಬುದನ್ನು ನಾವು ಅರಿಯಬೇಕು.

ರೋಗಲಕ್ಷಣ, ಔಷಧಿ, ಪರೀಕ್ಷಾ ವರದಿಗಳನ್ನು ಕಂಪ್ಯೂಟರಿನಲ್ಲಿ ಕಾಯ್ದಿಡುವ ವ್ಯವಸ್ಥೆಯೇ ವಿದ್ಯುನ್ಮಾನ ಆರೋಗ್ಯ ದಾಖಲೆ. ಇದರಿಂದ ಪ್ರಯೋಜನವುಂಟು. ಓದಲಾಗದ ಕೈಬರಹದ ತೊಡಕು ತಪ್ಪುತ್ತದೆ. ಹಳೆಯ ವರದಿಗಳು ಬೇಕೆಂದಾಗ ಸಿಗುತ್ತವೆ. ರೋಗಿಗೆ ಒಗ್ಗದ ಔಷಧಿಯ ಬಗೆಗೆ ಎಚ್ಚರಿಕೆ ದೊರೆಯುತ್ತದೆ.

ಅಮೆರಿಕದಲ್ಲಿ 2009ರ ಕಾಯಿದೆಯೊಂದು ಇದಕ್ಕೆ ಧನಸಹಾಯ ಒದಗಿಸಿದ ಬಳಿಕ ಈ ವ್ಯವಸ್ಥೆ ವೇಗವಾಗಿ ಹರಡಿತು. ಜೊತೆಗೆ ವಿಮೆ, ಶುಲ್ಕ, ನಿಯಮಪಾಲನೆಗಳಿಗೆ ಬೇಕಾದ ವಿವರಗಳನ್ನು ತುಂಬುವ ಹೊರೆಯೂ ವೈದ್ಯರ ಹೆಗಲೇರಿತು. ರೋಗಿಯೊಡನೆ ಕಳೆಯುವ ಪ್ರತಿ 1 ಗಂಟೆಗೆ ಸುಮಾರು 2 ಗಂಟೆಗಳು ದಾಖಲೆ ಹಾಗೂ ಮೇಜಿನ ಕೆಲಸಕ್ಕೆ ಹೋಗುತ್ತವೆಂದು 2016ರಲ್ಲಿ ಅಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಉಳಿದ ಕೆಲಸವು ರಾತ್ರಿ ಮನೆಗೂ ಹಿಂಬಾಲಿಸುತ್ತದೆ.

ಹೀಗೆ ವಿಶ್ರಾಂತಿ ಕುಗ್ಗಿ, ರೋಗಿಯ ಸೇವೆಗಿಂತ ನಮೂನೆ ತುಂಬುವುದೇ ಹೆಚ್ಚಾದಾಗ ಮನಸ್ಸು ಸೋಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ವೃತ್ತಿಬಳಲಿಕೆಗೆ ಮೂರು ಲಕ್ಷಣಗಳನ್ನು ಹೇಳುತ್ತದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕಾರ್ಯಕ್ಷಮತೆ ಕುಂದುವುದು. ಇದನ್ನು ಸೋಮಾರಿತನವೆಂದೋ ಮನೋದೌರ್ಬಲ್ಯವೆಂದೋ ಎಣಿಸಬಾರದು. ಬಳಲಿದ ವೈದ್ಯರಿಂದ ತಪ್ಪುಗಳಾಗುವ ಸಂಭವ ಹೆಚ್ಚು. ಅದರ ಫಲವನ್ನು ಉಣ್ಣುವವನು ರೋಗಿ.

ಪರಿಹಾರವಿಲ್ಲದೆ ಇಲ್ಲ. ಹವಾಯಿಯ ಆಸ್ಪತ್ರೆ ಸಮೂಹವೊಂದು 2017ರಲ್ಲಿ, ಅನಗತ್ಯವೆನಿಸಿದ ನಮೂದುಗಳನ್ನು ತಿಳಿಸುವಂತೆ ತನ್ನ ಸಿಬ್ಬಂದಿಯನ್ನೇ ಕೇಳಿತು. ದಾದಿಯರು ಪದೇ ಪದೇ ಮಾಡಬೇಕಿದ್ದ ಒಂದು ಸಣ್ಣ ನಮೂದನ್ನು ಕೈಬಿಟ್ಟಾಗ, ನಾಲ್ಕು ಆಸ್ಪತ್ರೆಗಳಲ್ಲಿ ತಿಂಗಳಿಗೆ ಸುಮಾರು 1,700 ಗಂಟೆಗಳ ಶ್ರಮ ಉಳಿಯಿತು. ದಾಖಲಿಸುವ ಕೆಲಸಕ್ಕೆ ತರಬೇತಾದ ಸಹಾಯಕರನ್ನು ನೇಮಿಸುವುದೂ ಉಪಯುಕ್ತ.

ಭಾರತದಲ್ಲಿಯೂ 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಗಿದೆ. ಹೊರರೋಗಿಗಳ ಸಾಲು ಉದ್ದವಾಗಿರುವ ನಮ್ಮ ಆಸ್ಪತ್ರೆಗಳಲ್ಲಿ ಈ ಪಾಠವನ್ನು ಮೊದಲೇ ಕಲಿಯುವುದು ಲೇಸು. ನಾವೂ ನೆರವಾಗಬಹುದು: ಹಳೆಯ ಚೀಟಿಗಳನ್ನು, ಸೇವಿಸುತ್ತಿರುವ ಔಷಧಿಗಳ ಪಟ್ಟಿಯನ್ನು ಜೊತೆಗೆ ಒಯ್ಯೋಣ, ಮುಖ್ಯ ತೊಂದರೆಯನ್ನು ಮೊದಲು ಹೇಳೋಣ, ವೈದ್ಯರು ಬರೆದುಕೊಳ್ಳುವಷ್ಟು ಹೊತ್ತು ತಾಳ್ಮೆಯಿಂದಿರೋಣ. ದಾಖಲೆಯು ಚಿಕಿತ್ಸೆಗೆ ಸಹಾಯಕವಾಗಬೇಕೇ ಹೊರತು ಚಿಕಿತ್ಸೆಯ ಸಮಯವನ್ನು ನುಂಗಬಾರದು.