ಕೋಳಿಗೂ ಬೇಕು ಮಣ್ಣಿನ ಸ್ನಾನ, ಕಲ್ಲಿನ ಹರಳು

ಯಲಹಂಕದ ಬಳಿಯ ಸಿಂಗಾಪುರ ಹಳ್ಳಿಯಾಗಿದ್ದಾಗ ಕೋಳಿಗಳು ತಿಪ್ಪೆ ಕೆದಕಿ, ಬೇಲಿ ಬದಿಯ ಮಣ್ಣಲ್ಲಿ ಹೊರಳಿ, ಬೇಕಾದ್ದನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ಈಗ ಬಹಳಷ್ಟು ಅಂಗಳಗಳಿಗೆ ಸಿಮೆಂಟು ಬಿದ್ದಿದೆ. ನಾಟಿ ಕೋಳಿಯಿರಲಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜವಿರಲಿ, ಇವೆರಡನ್ನು ನಾವೇ ಒದಗಿಸಬೇಕು. ಇಲ್ಲದಿದ್ದರೆ ಮೊಟ್ಟೆ ಕಾಸಿಗೇ ಪೆಟ್ಟು.

ಮಣ್ಣಿನ ಸ್ನಾನ: ಕೋಳಿ ಒಣ ಮಣ್ಣನ್ನು ಗರಿಗಳ ಸಂದಿಗೆ ತುಂಬಿಕೊಂಡು ಕೊಡವುತ್ತದೆ. ಹಳೇ ಜಿಡ್ಡು ಹೋಗಿ, ಹೇನು ಕಡಿಮೆಯಾಗುತ್ತದೆ. ಹೇನು ಹತ್ತಿದ ಕೋಳಿ ಸೊರಗುತ್ತದೆ, ಮೊಟ್ಟೆಯೂ ಕಡಿಮೆ. ಹಳೇ ಟೈರು ಅಥವಾ ಅಗಲವಾದ ಬಾಂಡ್ಲಿಯಲ್ಲಿ ಅರ್ಧ ಅಡಿಯಷ್ಟು ಒಣ ಮಣ್ಣು, ಮರಳು ತುಂಬಿ, ಆರಿದ ಸೌದೆ ಬೂದಿ ಸ್ವಲ್ಪ ಬೆರೆಸಿ, ಮಳೆ ಬೀಳದ ಕಡೆ ಇಡಿ. ಪ್ಲಾಸ್ಟಿಕ್ ಸುಟ್ಟ ಬೂದಿ, ಸುಣ್ಣ, ಇರುವೆ ಪುಡಿ ಬೇಡವೇ ಬೇಡ. ಒದ್ದೆಯಾದರೆ ಬದಲಿಸಿ.

ಹರಳು: ಕೋಳಿಗೆ ಹಲ್ಲಿಲ್ಲ. ನುಂಗಿದ ಸಣ್ಣ ಕಲ್ಲುಗಳೇ ಅದರ ಹೊಟ್ಟೆಯೊಳಗಿನ ಬೀಸುಕಲ್ಲು. ಕಾಳು, ಸೊಪ್ಪು ತಿನ್ನುವ ದೊಡ್ಡ ಕೋಳಿಗೆ ಜೋಳದ ಗಾತ್ರದ ಗಟ್ಟಿ ಹರಳು, ಕಾಳು ತಿನ್ನಲು ಕಲಿತ ಮರಿಗೆ ದಪ್ಪ ಮರಳು ಬೇರೆ ತಟ್ಟೆಯಲ್ಲಿಡಿ. ಅಂಗಡಿಯ ಪುಡಿ ಆಹಾರ ಮಾತ್ರ ತಿನ್ನುವ ಕೋಳಿಗೆ ಇದು ಅಷ್ಟು ಅಗತ್ಯವಿಲ್ಲ. ಕಟ್ಟಡದ ಕಸದಲ್ಲಿ ಗಾಜು, ಮೊಳೆ ಇರುತ್ತದೆ, ಜೋಕೆ!

ಮೊಟ್ಟೆ ಸಿಪ್ಪೆ ಹರಳಿಗೆ ಬದಲಿಯಲ್ಲ, ಅದು ಹೊಟ್ಟೆಯಲ್ಲಿ ಕರಗಿಹೋಗುತ್ತದೆ. ಆದರೆ ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಸುಣ್ಣಾಂಶ ಬೇಕು. ಆದ್ದರಿಂದ ಸಿಪ್ಪೆಯನ್ನು ಹುರಿದು, ಪುಡಿ ಮಾಡಿ, ಮೊಟ್ಟೆಯಿಡುವ ಕೋಳಿಗಷ್ಟೇ ಕೊಡಿ.

ವಾರಕ್ಕೊಮ್ಮೆ ರೆಕ್ಕೆಯಡಿ, ಬಾಲದ ಬುಡದಲ್ಲಿ ಗರಿ ಸರಿಸಿ ನೋಡಿ. ಹೇನು ವಿಪರೀತವಾಗಿದ್ದರೆ ಮಣ್ಣೊಂದೇ ಸಾಲದು, ಪಶುವೈದ್ಯರನ್ನು ಕೇಳಿ.