ಇಪ್ಪತ್ತೆರಡು ಅಡಿ ಸಾಲಿನಲ್ಲಿ ಒಂದು ಎಕರೆಯ ಲೆಕ್ಕ

ಮೆಕ್ಕೆಜೋಳದ ಇಳುವರಿ ಕೈಕೊಟ್ಟಾಗ ಮೊದಲು ಬೈಸಿಕೊಳ್ಳುವುದು ಬೀಜ, ಆಮೇಲೆ ಗೊಬ್ಬರ, ಕೊನೆಗೆ ಮಳೆ. ಹೊಲದಲ್ಲಿ ನಿಜಕ್ಕೂ ಎಷ್ಟು ಗಿಡ ನಿಂತಿದ್ದವು ಎಂಬ ಪ್ರಶ್ನೆ ಏಳುವುದೇ ಅಪರೂಪ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಬಿಟ್ಟು ಬಿತ್ತಿದರೆ ಎಕರೆಗೆ 33 ಸಾವಿರಕ್ಕೂ ಮಿಕ್ಕಿ ಗಿಡ ಇರಬೇಕು. ಅಷ್ಟನ್ನೂ ಎಣಿಸುವವರು ಯಾರು? ಎಣಿಸಬೇಕಾಗಿಯೂ ಇಲ್ಲ, ಹೊಲದ ಐದಾರು ಕಡೆ ಚಿಕ್ಕ ತುಣುಕು ಅಳೆದು ಅಲ್ಲಿನ ಗಿಡ ಎಣಿಸಿದರೆ ಸಾಕು. ಆದರೆ ಆ ತುಣುಕನ್ನು ಕಣ್ಣಂದಾಜಿನಲ್ಲಿ ಆರಿಸಬಾರದು. ಇಡೀ ವಿಧಾನದ ಜೀವ ಇರುವುದು ಇಲ್ಲಿಯೇ.

ಎಕರೆಯೆಂದರೆ 4,047 ಚದರ ಮೀಟರ್. ಅದರ ಸಾವಿರದ ಒಂದು ಭಾಗ ನಾಲ್ಕು ಚದರ ಮೀಟರಿಗೆ ತುಸು ಹೆಚ್ಚು. ಸಾಲುಗಳ ನಡುವೆ 60 ಸೆಂಟಿಮೀಟರ್ ಇದ್ದರೆ 6.74 ಮೀಟರ್, ಅಂದರೆ ಸುಮಾರು 22 ಅಡಿ ಉದ್ದದ ಒಂದೇ ಸಾಲು ಅಷ್ಟು ಜಾಗಕ್ಕೆ ಸಮ. ಆ ಉದ್ದದ ಹಗ್ಗವನ್ನು ಸಾಲಿನ ಮಗ್ಗುಲಲ್ಲಿ ಎಳೆದು ಗಿಡ ಎಣಿಸಿ, ಮೂರು ಸೊನ್ನೆ ಸೇರಿಸಿದರೆ ಎಕರೆಯ ಲೆಕ್ಕ ಸಿಕ್ಕಿತು. ಐದು ಕಡೆ 31, 24, 29, 18, 27 ಗಿಡ ಸಿಕ್ಕವು ಎನ್ನಿ. ಸರಾಸರಿ 25.8, ಎಕರೆಗೆ 25,800. ಇರಬೇಕಾದುದರಲ್ಲಿ ಕಾಲುಭಾಗದಷ್ಟು ಗಿಡ ಇಲ್ಲವೇ ಇಲ್ಲ. ಹದಿನೆಂಟರ ಜಾಗ ಬೋಳಾಗಿ ಕಂಡಿತೆಂದು ಅದನ್ನು ಬಿಟ್ಟು ಮುಂದೆ ಹೋಗಿದ್ದರೆ ಲೆಕ್ಕ 27,750ಕ್ಕೆ ಏರುತ್ತಿತ್ತು. ಹೊಲದಲ್ಲಿಲ್ಲದ ಸುಮಾರು ಎರಡು ಸಾವಿರ ಗಿಡ ಕಾಗದದ ಮೇಲೆ ಬೆಳೆದುಬಿಡುತ್ತಿದ್ದವು! ಅದಕ್ಕಾಗಿಯೇ ಎಷ್ಟನೇ ಸಾಲು, ಬದುವಿನಿಂದ ಎಷ್ಟು ಹೆಜ್ಜೆ ಎಂಬುದನ್ನು ಹೊಲಕ್ಕೆ ಇಳಿಯುವ ಮುನ್ನವೇ ಚೀಟಿ ಎತ್ತಿ ಗೊತ್ತುಮಾಡಿಕೊಳ್ಳಬೇಕು. ಪ್ರತಿ ನಾಲ್ಕನೇ ಸಾಲು, ಎಂಟನೇ ಸಾಲು ಎಂದು ಸಮ ಅಂತರದಲ್ಲಿ ಹೋದರೆ ಆಗದೇ? ಕೂರಿಗೆಯ ಒಂದು ಕೊಳವೆ ಮಣ್ಣು ತುಂಬಿ ಕಟ್ಟಿಕೊಂಡಿದ್ದರೆ ಅದು ಬಿತ್ತಬೇಕಿದ್ದ ಸಾಲುಗಳೆಲ್ಲ ಖಾಲಿ. ಸಮ ಅಂತರದ ಎಣಿಕೆ ಅವನ್ನೆಲ್ಲ ದಾಟಿಹೋಗಬಹುದು, ಇಲ್ಲವೇ ಅವುಗಳ ಮೇಲೆಯೇ ಬೀಳಬಹುದು.

ತುಣುಕಿನ ಆಕಾರ, ಗಾತ್ರವೂ ಮೋಸಮಾಡಬಲ್ಲವು. ಒಂದು ಮೀಟರ್ ಚೌಕವನ್ನು ಇದೇ ಹೊಲದಲ್ಲಿ ಇಟ್ಟರೆ ಒಮ್ಮೆ ಒಂದು ಸಾಲು, ಇನ್ನೊಮ್ಮೆ ಎರಡು ಸಾಲು ಒಳಗೆ ಬರುತ್ತವೆ. ಗಿಡದ ಲೆಕ್ಕ ಅಲ್ಲೇ ಇಮ್ಮಡಿಯಾಗುತ್ತದೆ. ಚೌಕವೇನಿದ್ದರೂ ಚೆಲ್ಲಿ ಬಿತ್ತಿದ ಬೆಳೆಗೆ. ಅಂಚಿನ ಗಿಡಗಳದು ಇನ್ನೊಂದು ತಕರಾರು. ಗೆರೆಯ ಮೇಲೆ ನಿಂತ ಗಿಡ ಒಳಗೋ ಹೊರಗೋ? ಎಣಿಸುವವರ ಕೈ ಸಾಮಾನ್ಯವಾಗಿ ಒಳಕ್ಕೇ ಎಳೆದುಕೊಳ್ಳುತ್ತದೆ. ತುಣುಕು ಚಿಕ್ಕದಾದಷ್ಟೂ ಅದರ ವಿಸ್ತೀರ್ಣಕ್ಕೆ ಅಂಚು ಹೆಚ್ಚು, ತಪ್ಪೂ ಹೆಚ್ಚು. ಬೆಳೆ ಕಟಾವಿನ ಪ್ರಯೋಗಗಳಲ್ಲಿ ಇದೇ ವಿಷಯ 1940ರ ದಶಕದಲ್ಲಿ ದೊಡ್ಡ ಚರ್ಚೆಯಾಯಿತು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೊಬಿಸ್ ಚಿಕ್ಕ ತುಣುಕುಗಳ ಪರ. ಅವು ಇಳುವರಿಯನ್ನು ಹೆಚ್ಚಿಸಿ ತೋರಿಸುತ್ತವೆ ಎಂದು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅಂಕಿಗಳನ್ನಿಟ್ಟು ವಾದಿಸಿದರು. ಗಿಡ ಎಣಿಸುವಾಗ ಇದಕ್ಕೆ ಸರಳ ಪರಿಹಾರವಿದೆ: ಹಗ್ಗದ ಒಂದು ತುದಿಗೆ ತಾಗಿದ ಗಿಡವನ್ನು ಸೇರಿಸಿ, ಇನ್ನೊಂದು ತುದಿಯದನ್ನು ಬಿಡಿ. ಚೌಕವಾದರೆ ಎರಡು ಬದಿ ಒಳಗೆ, ಎರಡು ಬದಿ ಹೊರಗೆ.

ಹುಟ್ಟಾ ಬೇಸಾಯಗಾರನಿಗೆ ಹೊಲ ನೋಡಿದರೆ ತಿಳಿಯದೇ ಎಂದು ಕೇಳಬಹುದು. ಬೆಳೆಯ ಬಣ್ಣ, ರೋಗ, ನೀರಿನ ಕೊರತೆಯನ್ನು ಆ ಕಣ್ಣು ಯಾವ ಸಲಕರಣೆಗಿಂತಲೂ ಬೇಗ ಹಿಡಿಯುತ್ತದೆ, ನಿಜ. ಆದರೆ ಬದುವಿನ ಮೇಲೆ ನಿಂತು ಓರೆಯಾಗಿ ನೋಡುವಾಗ ಮುಂದಿನ ಸಾಲಿನ ಎಲೆ ಹಿಂದಿನ ಸಾಲಿನ ಸಂದನ್ನು ಮುಚ್ಚುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಗಿಡ ತೆಳುವಾದರೆ ಉಳಿದವು ಹರಡಿಕೊಂಡು ಸರಿದೂಗಿಸುತ್ತವಲ್ಲ? ರಾಗಿ ಹೆಚ್ಚು ತೆಂಡೆ ಒಡೆಯುತ್ತದೆ, ತೊಗರಿ ಕೊಂಬೆ ಚಾಚುತ್ತದೆ. ಆ ಬೆಳೆಗಳಲ್ಲಿ ಅಷ್ಟಿಷ್ಟು ಕೊರತೆಗೆ ಗಾಬರಿ ಬೇಡ. ಮೆಕ್ಕೆಜೋಳಕ್ಕೆ ಆ ಗುಣವಿಲ್ಲ. ಸಾಮಾನ್ಯವಾಗಿ ಗಿಡಕ್ಕೊಂದೇ ತೆನೆ; ನೆರೆಯ ಗಿಡ ಇಲ್ಲವೆಂದು ಆ ತೆನೆ ಒಂದಿಷ್ಟು ದಪ್ಪವಾದೀತು, ಎರಡು ತೆನೆಯ ಕೆಲಸ ಮಾಡದು. ಹಾಗಾಗಿ ಎಣಿಕೆಗೆ ತೆನೆ ಬರುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಮೊಳಕೆ ಪೂರ್ತಿ ಮೇಲೆದ್ದ ಕೂಡಲೇ, ಖಾಲಿ ಜಾಗಕ್ಕೆ ಇನ್ನೊಮ್ಮೆ ಬೀಜ ಊರಲು ಮಣ್ಣಿನಲ್ಲಿ ಹಸಿ ಇರುವಾಗಲೇ, ಹಗ್ಗ ಹಿಡಿದು ಹೊಲಕ್ಕೆ ಇಳಿಯಬೇಕು. ಆ ಹದಿನೆಂಟರ ಜಾಗದಲ್ಲಿ ಒಂದು ಬೆರಳು ಮಣ್ಣು ಕೆದಕಿದರೆ ಬೀಜವೇ ಬಿದ್ದಿರಲಿಲ್ಲವೋ, ಬಿದ್ದು ಕೊಳೆಯಿತೋ, ಹುಳು ತಿಂದಿತೋ ಅಲ್ಲೇ ಕಾಣುತ್ತದೆ.